ಡೇಟ್ ಮುಂದೆ ಹೋಯಿತಾ? ಬಸುರಿನ ಮೊದಲ ಸುಳಿವು ಗುರುತಿಸುವ ಬಗೆ

ನಮ್ಮ ಚಿಕ್ಕಬಳ್ಳಾಪುರದ ಕಡೆ ಈ ಮಾತನ್ನು ಯಾರೂ ನೇರವಾಗಿ ಕೇಳುವುದಿಲ್ಲ. ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ದೂರದ ಚಿಕ್ಕಮ್ಮ ಮೊದಲು ಮುಖ ನೋಡುತ್ತಾರೆ, ಆಮೇಲೆ ಹೊಟ್ಟೆ ನೋಡುತ್ತಾರೆ, ಕೊನೆಗೆ ದನಿ ತಗ್ಗಿಸಿ, “ಏನಮ್ಮಾ, ಏನಾದ್ರೂ ವಿಶೇಷನಾ?” ಅನ್ನುತ್ತಾರೆ. ಮನೆಯಲ್ಲಿ ತೆಲುಗು ಆಡುವವರಾದರೆ “ನೆಲ ತಪ್ಪಿಂದಾ?” ಅನ್ನುತ್ತಾರೆ, ತಿಂಗಳು ತಪ್ಪಿತಾ ಅಂತ. ನನಗೆ ಈ ಎರಡನೇ ಪ್ರಶ್ನೆಯೇ ಇಷ್ಟ. ಅದರಲ್ಲಿ ಲೆಕ್ಕ ಇದೆ. ವಾಂತಿ ಬಂತಾ, ಹುಣಸೆಹಣ್ಣು ತಿನ್ನಬೇಕು ಅನಿಸಿತಾ ಅಂತ ಕೇಳುವುದಿಲ್ಲ. ತಿಂಗಳು ತಪ್ಪಿತಾ, ಅಷ್ಟೇ.

ನಾನು ಡಾಕ್ಟರ್ ಅಲ್ಲ. ಎರಡು ಹೆತ್ತವಳು. ಸ್ತ್ರೀಶಕ್ತಿ ಸಂಘದ ಕೆಲಸಕ್ಕೆ ಅಂತ ನಮ್ಮ ಬೀದಿಯ ಆಶಾ ಅಕ್ಕನ ಜೊತೆ ಮನೆಮನೆ ತಿರುಗಿದವಳು. ಹೊಸದಾಗಿ ಮದುವೆಯಾದವರು, ಕೈಯಲ್ಲಿ ಒಂದು ಮಗು ಇರುವವರು, “ನಲವತ್ತಾಯ್ತು, ಇನ್ನೇನು ಆಗುತ್ತೆ ಬಿಡಿ” ಅನ್ನುವವರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಮೊದಲ ಕೆಲಸ: ಡೇಟ್ ಹುಡುಕಿ

ಮೈಯಲ್ಲಿ ಏನಾಗುತ್ತಿದೆ ಅಂತ ಯೋಚಿಸುವ ಮೊದಲು ಕ್ಯಾಲೆಂಡರ್ ಮುಂದೆ ನಿಂತುಕೊಳ್ಳಿ. ಹೋದ ಸಲ ಮುಟ್ಟು ಶುರುವಾದ ದಿನ ಯಾವುದು? ಮುಗಿದ ದಿನ ಅಲ್ಲ, ತಲೆಗೆ ನೀರು ಹಾಕಿಕೊಂಡ ದಿನವೂ ಅಲ್ಲ. ಶುರುವಾದ ದಿನ. ಡಾಕ್ಟರು, ನರ್ಸಮ್ಮ, ಸ್ಕ್ಯಾನಿಂಗ್‌ನವರು, ಎಲ್ಲರೂ ಕೇಳುವುದು ಇದನ್ನೇ. ಬಸುರಿನ ವಾರಗಳನ್ನು ಎಣಿಸುವುದೂ ಅಲ್ಲಿಂದಲೇ.

ಮರೆತುಹೋಗಿದೆಯಾ? ಹಬ್ಬ ಹಿಡಿದು ಹಿಂದಕ್ಕೆ ಹೋಗಿ. ನಮ್ಮ ಕಡೆ ಹೆಂಗಸರಿಗೆ ತಾರೀಖು ಮರೆತರೂ ಹಬ್ಬದ ಹೊತ್ತಿಗೆ ಹೊರಗಾಗಿದ್ದು ಮರೆಯುವುದಿಲ್ಲ. ನಮ್ಮ ಓರಗಿತ್ತಿಯನ್ನು ಆಶಾ ಅಕ್ಕ ಕೇಳಿದಾಗ ಅವಳು ಹತ್ತು ನಿಮಿಷ ತಲೆ ಕೆರೆದುಕೊಂಡಳು. “ವರಮಹಾಲಕ್ಷ್ಮಿ ಹಬ್ಬದಲ್ಲಿ ಪೂಜೆಗೆ ಕೂತಿದ್ಯಾ?” ಅಂದದ್ದೇ ತಡ, “ಹ್ಞೂ ಅಕ್ಕಾ, ಹಬ್ಬ ಆಗಿ ಎರಡು ದಿನಕ್ಕೆ ಆಯ್ತು, ದೇವ್ರು ದೊಡ್ಡೋನು, ಪೂಜೆ ತಪ್ಪಲಿಲ್ಲ” ಅಂದಳು. 2025ರಲ್ಲಿ ಹಬ್ಬ ಬಿದ್ದದ್ದು ಆಗಸ್ಟ್ 8ಕ್ಕೆ. ಅಲ್ಲಿಗೆ ಡೇಟ್ ಆಗಸ್ಟ್ 10. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ 2026ರ ಮೇ 17. ಅದೇ ಹೆರಿಗೆಯ ಅಂದಾಜು ದಿನ, ಒಟ್ಟು 280 ದಿನ. ಎರಡು ವಾರ ಹಿಂದೆಮುಂದೆ ಆಗಬಹುದು. ಲೆಕ್ಕ ಮಾತ್ರ ಇದೇ.

ಇಲ್ಲೊಂದು ಗೊಂದಲ ಇದೆ. ಮುಟ್ಟು ತಪ್ಪಿದ ದಿನ ಬಸುರು ನೋಡುವ ಮೂತ್ರ ಪರೀಕ್ಷೆಯ ಕಾರ್ಡ್‌ನಲ್ಲಿ ಪಾಸಿಟಿವ್ ಬಂದರೆ ಡಾಕ್ಟರು “ನಾಲ್ಕು ವಾರ ಆಗಿದೆ” ಅನ್ನುತ್ತಾರೆ. ಗಂಡ ಊರಿಗೆ ಬಂದು ಎರಡೇ ವಾರ ಆಗಿರುತ್ತದೆ. ಅತ್ತೆ ಹುಬ್ಬು ಏರಿಸುತ್ತಾರೆ. ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ ಅಂಡಾಣು ಬಿಡುಗಡೆ ಆಗುವುದೇ ಸುಮಾರು 14ನೇ ದಿನ. ಆದರೂ ಲೆಕ್ಕ ಮುಟ್ಟಿನ ಮೊದಲ ದಿನದಿಂದಲೇ ಶುರುವಾಗುತ್ತದೆ. ಹಾಗಾಗಿ ಆ ಮೊದಲ ಎರಡು ವಾರ ಬಸುರೇ ಇರುವುದಿಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ಮನೆಗಳಲ್ಲಿ ಜಗಳ ಆದದ್ದನ್ನು ಕಂಡಿದ್ದೇನೆ. ಅದಕ್ಕೇ ಇಷ್ಟು ಉದ್ದ ಹೇಳಿದೆ.

ಮುಟ್ಟು 21ರಿಂದ 35 ದಿನದೊಳಗೆ ಯಾವಾಗ ಬಂದರೂ ಸಹಜವೇ. ನಿಮಗೆ ಎಷ್ಟು ದಿನಕ್ಕೆ ಬರುತ್ತದೆ ಅನ್ನುವುದು ನಿಮಗೆ ಗೊತ್ತಿರಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಚುಕ್ಕೆ ಇಟ್ಟರೂ ಸಾಕು. ಯಾರಿಗೂ ಅರ್ಥ ಆಗುವುದಿಲ್ಲ, ನಿಮಗೆ ಆಗುತ್ತದೆ.

ಎರಡನೆಯದು: ಮೈ ಏನು ಹೇಳುತ್ತಿದೆ

ಡೇಟ್ ಮುಂದೆ ಹೋಗಿದೆ ಅಂತಾದರೆ ಈಗ ಮೈಯ ಮಾತು ಕೇಳಿ. ಆದರೆ ಒಂದು ಎಚ್ಚರಿಕೆ. ಕೆಳಗೆ ಬರೆದಿರುವ ಯಾವ ಲಕ್ಷಣವೂ ಬಸುರಿಗೇ ಮೀಸಲಲ್ಲ. ಮುಟ್ಟು ಬರುವ ಮುಂಚೆಯೂ ಹೀಗೇ ಆಗುತ್ತದೆ. ಲಕ್ಷಣಗಳಿಂದ ಅನುಮಾನ ಬರುತ್ತದೆ, ತೀರ್ಮಾನ ಸಿಗುವುದಿಲ್ಲ.

ತುಂಬಾ ಜನಕ್ಕೆ ಮೊದಲು ಗೊತ್ತಾಗುವುದು ಎದೆಯಲ್ಲಿ. ಮೊಲೆ ಭಾರ ಆಗುತ್ತದೆ, ರವಿಕೆ ಬಿಗಿ ಅನಿಸುತ್ತದೆ, ಮಗು ಓಡಿ ಬಂದು ಅಪ್ಪಿಕೊಂಡರೆ ನೋವಾಗುತ್ತದೆ. ಮುಟ್ಟಿನ ಮುಂಚಿನ ನೋವು ಮುಟ್ಟು ಬಂದ ಮೇಲೆ ಇಳಿದುಹೋಗುತ್ತದೆ. ಇದು ಇಳಿಯುವುದಿಲ್ಲ. ವಾರಗಳು ಕಳೆದಂತೆ ತೊಟ್ಟಿನ ಸುತ್ತ ಬಣ್ಣ ಗಾಢವಾಗುತ್ತದೆ.

ಇನ್ನೊಂದು ಸುಸ್ತು. ಇದು ಕಳೆ ಕಿತ್ತು ಬಂದ ಸುಸ್ತಿನಂತಲ್ಲ. ರಾತ್ರಿ ಚೆನ್ನಾಗಿ ಮಲಗಿದ್ದರೂ ಬೆಳಿಗ್ಗೆ ಹತ್ತಕ್ಕೇ ಕಣ್ಣು ಎಳೆಯುತ್ತದೆ. ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಏರುವುದೇ ಇದಕ್ಕೆ ಮುಖ್ಯ ಕಾರಣ. ಅದೇ ಹಾರ್ಮೋನು ಕರುಳಿನ ಓಟವನ್ನೂ ನಿಧಾನ ಮಾಡುತ್ತದೆ. ಅದರಿಂದಲೇ ಹೊಟ್ಟೆ ಉಬ್ಬರ, ಮಲಬದ್ಧತೆ. “ಗ್ಯಾಸ್ಟ್ರಿಕ್ ಆಗಿದೆ” ಅಂತ ವಾರಗಟ್ಟಲೆ ಮಾತ್ರೆ ನುಂಗುವವರು ಇಲ್ಲೇ ಎಡವುವುದು. ನನ್ನ ಎರಡನೇ ಮಗುವಿನ ಸಮಯದಲ್ಲಿ ನಾನೂ ಹದಿನೈದು ದಿನ ಗ್ಯಾಸ್ ಮಾತ್ರೆ ನುಂಗಿದೆ. ಮಾತ್ರೆ ಕೊಟ್ಟ ಮೆಡಿಕಲ್ ಶಾಪಿನವರು ಡೇಟ್ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವಾಕರಿಕೆ ಎಲ್ಲರಿಗೂ ಗೊತ್ತಿರುವ ಲಕ್ಷಣ, ಆದರೆ ಎಲ್ಲಕ್ಕಿಂತ ಮೊದಲು ಬರುವುದಲ್ಲ. ಸಾಮಾನ್ಯವಾಗಿ ಆರನೇ ವಾರದ ಆಸುಪಾಸಿನಲ್ಲಿ, ಅಂದರೆ ಮುಟ್ಟು ತಪ್ಪಿ ಎರಡು ವಾರದ ಹೊತ್ತಿಗೆ ಶುರುವಾಗುತ್ತದೆ. ಬೆಳಿಗ್ಗೆಯೇ ಬರಬೇಕು ಅಂತೇನೂ ಇಲ್ಲ. ಸಂಜೆ ಒಗ್ಗರಣೆ ಹಾಕುವಾಗ ಹೊಟ್ಟೆ ತೊಳಸುವವರೂ ಇದ್ದಾರೆ. ವಾಂತಿಯೇ ಆಗದೆ ಹೆತ್ತವರೂ ಬೇಕಾದಷ್ಟಿದ್ದಾರೆ. ವಾಂತಿ ಇಲ್ಲ ಅಂದರೆ ಬಸುರು ಗಟ್ಟಿ ಇಲ್ಲ ಅನ್ನುವ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ.

ವಾಸನೆಯ ವಿಷಯ ಮಾತ್ರ ವಿಚಿತ್ರ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸುವ ಮನೆಗಳ ಪಕ್ಕ ಓಡಾಡಿದವರಿಗೆ ಆ ವಾಸನೆ ಗೊತ್ತು. ಬೆಂದ ಹುಳುವಿನ, ನಿಂತ ಬಿಸಿನೀರಿನ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ಗಾಳಿಯಿದ್ದ ಹಾಗೆ. ನಮ್ಮ ಪಕ್ಕದ ಮನೆಯಾಕೆ ಹತ್ತು ವರ್ಷ ಆ ನೀರಿನ ಮುಂದೆ ಕೂತು ನೂಲು ತೆಗೆದವಳು, ಅಲ್ಲೇ ಕೂತು ಮುದ್ದೆ ಉಂಡವಳು. ಒಂದು ದಿನ ಬಾಗಿಲವರೆಗೂ ಬಂದವಳು ಸೆರಗನ್ನು ಮೂಗಿಗೆ ಒತ್ತಿ ಹಿಂದೆ ಸರಿದಳು. ಒಳಗಿದ್ದ ಮುದುಕಿ ತಲೆ ಎತ್ತಿ ನೋಡಲೂ ಇಲ್ಲ. “ಹೋಗಮ್ಮ, ಆಶಾನ ಕಂಡು ಬಾ” ಅಂದಳು. ಅವಳ ಊಹೆ ಸರಿಯಾಗಿತ್ತು. ನಿಮಗೆ ಗೂಡಿನ ವಾಸನೆಯೇ ಆಗಬೇಕಿಲ್ಲ. ಕುದಿಯುವ ಅನ್ನ, ಗಂಡನ ಬೀಡಿ, ಇಷ್ಟಪಟ್ಟು ಕುಡಿಯುತ್ತಿದ್ದ ಕಾಫಿ, ಯಾವುದು ಬೇಕಾದರೂ ಇದ್ದಕ್ಕಿದ್ದಂತೆ ಸೇರದೆ ಹೋಗಬಹುದು.

ಬಯಕೆ ಇದರ ಇನ್ನೊಂದು ಮುಖ. ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ತಿನ್ನುವುದು ಸರಿ, ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆಯವರಿಗೆ ಅದಕ್ಕೆ ಬಸುರೇ ಆಗಬೇಕಿಲ್ಲ. ಆದರೆ ಮಣ್ಣು, ಬಳಪ, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕು ಅನಿಸಿದರೆ ಅದನ್ನು ಬಯಕೆ ಅಂತ ಮುದ್ದು ಮಾಡಬೇಡಿ. ರಕ್ತ ಕಡಿಮೆ ಇರುವುದರ ಗುರುತು ಆಗಿರಬಹುದು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮೊದಲ ತಿಂಗಳುಗಳಲ್ಲಿ ಬಸುರಿಗೆ ಅದು 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ.

ಪದೇಪದೇ ಮೂತ್ರಕ್ಕೆ ಹೋಗುವುದೂ ಒಂದು ಲಕ್ಷಣ. ಆದರೆ ಉರಿ, ಜ್ವರ, ಕೆಳಹೊಟ್ಟೆಯ ನೋವು ಜೊತೆಗಿದ್ದರೆ ಅದು ಸೋಂಕು. ಅದಕ್ಕೆ ಔಷಧಿ ಬೇಕು.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಚುಕ್ಕೆ ರಕ್ತ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಹೊತ್ತಿಗೆ, ಅಂಡಾಣು ಬಿಡುಗಡೆಯಾಗಿ 6ರಿಂದ 12 ದಿನದೊಳಗೆ, ಕೆಲವರಿಗೆ ಸ್ವಲ್ಪ ರಕ್ತ ಕಾಣಿಸುತ್ತದೆ. ಗುಲಾಬಿ ಅಥವಾ ಕಂದು ಬಣ್ಣ, ಒಂದೆರಡು ದಿನ, ಪ್ಯಾಡ್ ನೆನೆಯುವಷ್ಟೂ ಇರುವುದಿಲ್ಲ. ಇದು ಬರುವುದು ಮುಟ್ಟಾಗುವ ಸಮಯದಲ್ಲೇ. “ಈ ಸಲ ಕಮ್ಮಿ ಹೋಯ್ತು” ಅಂದುಕೊಂಡು ಸುಮ್ನಾಗುತ್ತಾರೆ. ಬಸುರಿನ ಲೆಕ್ಕ ಒಂದು ತಿಂಗಳು ಹಿಂದೆ ಬೀಳುತ್ತದೆ. ಯಾವಾಗಲೂ ನಾಲ್ಕು ದಿನ ಹೋಗುವ ಮುಟ್ಟು ಈ ಸಲ ಒಂದೇ ದಿನಕ್ಕೆ ನಿಂತರೆ ಒಂದು ವಾರ ಬಿಟ್ಟು ಕಾರ್ಡ್ ಹಾಕಿ ನೋಡಿ.

ನಾಡಿ ಹಿಡಿದು ಹೇಳುವ ಅಜ್ಜಿಯರ ಬಗ್ಗೆ ನನಗೆ ಗೌರವ ಇದೆ. ನಮ್ಮಜ್ಜಿಯೂ ಹೇಳುತ್ತಿದ್ದಳು. ಸರಿಯಾದದ್ದನ್ನು ಊರೆಲ್ಲ ನೆನಪಿಟ್ಟುಕೊಂಡಿತು, ತಪ್ಪಾದದ್ದನ್ನು ಮರೆಯಿತು. ಅಷ್ಟೇ ವ್ಯತ್ಯಾಸ.

ಮೂರನೆಯದು: ಕಾರ್ಡ್ ಹಾಕಿ ನೋಡುವುದು

ಬಸುರು ನಿಂತ ಮೇಲೆ ಎಚ್‌ಸಿಜಿ ಅನ್ನುವ ಹಾರ್ಮೋನು ಮೈಯಲ್ಲಿ ತಯಾರಾಗುತ್ತದೆ. ಶುರುವಿನಲ್ಲಿ ಸುಮಾರು ಎರಡು ಮೂರು ದಿನಕ್ಕೊಮ್ಮೆ ಅದರ ಪ್ರಮಾಣ ದುಪ್ಪಟ್ಟಾಗುತ್ತದೆ. ಮೂತ್ರದಲ್ಲಿ ಆ ಹಾರ್ಮೋನು ಇದೆಯಾ ಅಂತ ಹೇಳುವುದೇ ಕಾರ್ಡಿನ ಕೆಲಸ. ಮುಟ್ಟಾಗಬೇಕಾದ ದಿನಕ್ಕಿಂತ ಮುಂಚೆ ಹಾಕಿದರೆ ಬಸುರಿದ್ದರೂ ಇಲ್ಲ ಅನ್ನಬಹುದು. ಡೇಟ್ ತಪ್ಪಿದ ದಿನದಿಂದ ಹಾಕಬಹುದು. ಒಂದು ವಾರ ತಾಳಿದರೆ ಉತ್ತರ ಇನ್ನೂ ಗಟ್ಟಿ.

ಕಾರ್ಡ್ ಎಲ್ಲಾ ಮೆಡಿಕಲ್ ಶಾಪ್‌ಗಳಲ್ಲೂ ಸಿಗುತ್ತದೆ. ಊರಿನ ಅಂಗಡಿಯಲ್ಲಿ ಕೇಳಲು ನಾಚಿಕೆಯಾದರೆ, ಅಂಗಡಿಯವನು ಮಾವನ ಸ್ನೇಹಿತನೇ ಆಗಿರುತ್ತಾನೆ ಅಲ್ವಾ, ಆಶಾ ಕಾರ್ಯಕರ್ತೆಯನ್ನು ಕೇಳಿ. ‘ನಿಶ್ಚಯ್’ ಅನ್ನುವ ಸರ್ಕಾರಿ ಕಿಟ್ ಅವರ ಮೂಲಕ ಉಚಿತವಾಗಿ ಸಿಗುತ್ತದೆ. ಪಿಎಚ್‌ಸಿಯಲ್ಲಿಯೂ ಪರೀಕ್ಷೆ ಮಾಡಿಕೊಡುತ್ತಾರೆ.

ಹಾಕುವ ಕ್ರಮ ಹೀಗೆ. ಹಿಂದಿನ ರಾತ್ರಿಯೇ ಒಂದು ಸಣ್ಣ, ಒಣಗಿದ, ಸೋಪಿನ ಅಂಶ ಇಲ್ಲದ ಬಟ್ಟಲು ತೆಗೆದಿಡಿ. ಪೊಟ್ಟಣದ ಮೇಲೆ ಎಕ್ಸ್‌ಪೈರಿ ದಿನ ನೋಡಿ, ಆದರೆ ಪೊಟ್ಟಣ ಈಗಲೇ ಹರಿಯಬೇಡಿ. ಬೆಳಿಗ್ಗೆ ಎದ್ದ ತಕ್ಷಣದ ಮೊದಲ ಮೂತ್ರ ಹಿಡಿಯಿರಿ. ನೀರು ಕುಡಿಯುವ ಮುಂಚೆ, ಕಾಫಿಗೂ ಮುಂಚೆ. ಕಾರ್ಡನ್ನು ಸಮತಟ್ಟಾದ ಜಾಗದಲ್ಲಿ ಇಡಿ. ಒಳಗೆ ಒಂದು ಪುಟ್ಟ ಡ್ರಾಪರ್ ಇರುತ್ತದೆ. ಅದರಿಂದ ಪೊಟ್ಟಣದ ಮೇಲೆ ಬರೆದಷ್ಟು ಹನಿ, ಸಾಮಾನ್ಯವಾಗಿ ಎರಡು ಅಥವಾ ಮೂರು, ಗುಂಡಿಯಂಥ ಜಾಗಕ್ಕೆ ಬಿಡಿ. ಕೈ ತೆಗೆದುಬಿಡಿ. ಐದು ನಿಮಿಷ ಕಾಯಿರಿ.

‘ಸಿ’ ಹತ್ತಿರ ಒಂದೇ ಗೆರೆ ಬಂದರೆ ನೆಗೆಟಿವ್. ‘ಸಿ’ ಮತ್ತು ‘ಟಿ’ ಎರಡೂ ಕಡೆ ಗೆರೆ ಬಂದರೆ ಪಾಸಿಟಿವ್. ‘ಟಿ’ ಗೆರೆ ಮಂಕಾಗಿದ್ದರೂ ಬಣ್ಣ ಇದ್ದರೆ ಪಾಸಿಟಿವ್ ಅಂತಲೇ ಲೆಕ್ಕ. ಎರಡು ಮೂರು ದಿನ ಬಿಟ್ಟು ಇನ್ನೊಂದು ಹಾಕಿದರೆ ಆ ಗೆರೆ ದಟ್ಟವಾಗಿರುತ್ತದೆ. ‘ಸಿ’ ಗೆರೆಯೇ ಬರಲಿಲ್ಲ ಅಂದರೆ ಕಾರ್ಡ್ ಕೆಟ್ಟಿದೆ. ಹೊಸದು ತನ್ನಿ.

ಐದು ನಿಮಿಷ ಅಂದರೆ ಐದೇ ನಿಮಿಷ, ತಡವಾದರೆ ಹತ್ತು. ಇದನ್ನು ಒತ್ತಿ ಹೇಳಲು ಕಾರಣ ಇದೆ. ಮದುವೆಯಾದ ಹೊಸತರಲ್ಲಿ ನಾನು ಕಾರ್ಡ್ ಹಾಕಿ ಬಚ್ಚಲ ಕಿಟಕಿಯಲ್ಲಿಟ್ಟು, ಹಾಲಿನವನು ಕೂಗಿದ ಅಂತ ಹೊರಗೆ ಬಂದೆ. ಹಾಲು ಕಾಸಿದೆ, ಅಂಗಳ ಗುಡಿಸಿದೆ, ಕಾರ್ಡ್ ಮರೆತೇಹೋಯಿತು. ಒಂದು ಗಂಟೆ ಬಿಟ್ಟು ನೋಡಿದರೆ ತೆಳ್ಳಗೆ ಬೂದು ಬಣ್ಣದ ಎರಡನೇ ಗೆರೆ. ನಮ್ಮ ಮನೆಯವರಿಗೆ ತೋರಿಸಿದೆ. ಅವರು ಅವರಮ್ಮನಿಗೆ ಹೇಳಿದರು. ನಮ್ಮತ್ತೆ ಸಂಜೆಗೆ ಒಬ್ಬಟ್ಟು ಮಾಡಿ ನಾಲ್ಕು ಮನೆಗೆ ಹಂಚಿದರು. ಐದನೇ ದಿನ ನಾನು ಹೊರಗಾದೆ. ಒಬ್ಬಟ್ಟು ತಿಂದವರೆಲ್ಲ ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿದರು. ಮೂತ್ರ ಆರಿದಾಗ ಹಾಗೆ ಬಣ್ಣವಿಲ್ಲದ ಗೆರೆ ಮೂಡುತ್ತದೆ ಅಂತ ಗೊತ್ತಾದದ್ದು ಆಮೇಲೆ.

ಸಕ್ಕರೆ, ಉಪ್ಪು, ಟೂತ್‌ಪೇಸ್ಟ್, ಸೋಪು ಹಾಕಿ ನೊರೆ ಬಂದರೆ ಬಸುರು ಅಂತ ವೀಡಿಯೊ ಮಾಡುವವರಿದ್ದಾರೆ. ನೊರೆ ಗಂಡಸರ ಮೂತ್ರದಲ್ಲೂ ಬರುತ್ತದೆ.

ಮಕ್ಕಳಾಗುವ ಚಿಕಿತ್ಸೆಗೆ ಎಚ್‌ಸಿಜಿ ಇಂಜೆಕ್ಷನ್ ತೆಗೆದುಕೊಂಡವರಿಗೆ, ಇತ್ತೀಚೆಗೆ ಗರ್ಭಪಾತವಾದವರಿಗೆ ಬಸುರಿಲ್ಲದೆಯೂ ಪಾಸಿಟಿವ್ ಬರಬಹುದು. ಅಂಥವರು ರಕ್ತಪರೀಕ್ಷೆಗೆ ಡಾಕ್ಟರ ಹತ್ತಿರವೇ ಹೋಗಬೇಕು.

ನೆಗೆಟಿವ್ ಬಂತು, ಮುಟ್ಟೂ ಬರಲಿಲ್ಲ

ಒಂದು ವಾರ ಬಿಟ್ಟು ಮತ್ತೆ ಹಾಕಿ. ಆಗಲೂ ನೆಗೆಟಿವ್, ಮುಟ್ಟೂ ಇಲ್ಲ ಅಂದರೆ ಡಾಕ್ಟರನ್ನು ನೋಡಿ. ಥೈರಾಯ್ಡ್, ಪಿಸಿಓಡಿ ಅನ್ನುವ ಅಂಡಾಶಯದ ತೊಂದರೆ, ತೂಕ ಏರುಪೇರು, ಮನೆಯ ಚಿಂತೆ, ಹೀಗೆ ಕಾರಣ ಹಲವು. ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದ ತಿಂಗಳು ಡೇಟ್ ಹಿಂದೆಮುಂದೆ ಆಗುತ್ತದೆ. ಮೂರು ತಿಂಗಳಿಗೊಮ್ಮೆ ಹಾಕುವ ‘ಅಂತರಾ’ ಇಂಜೆಕ್ಷನ್ ತೆಗೆದುಕೊಂಡವರಿಗೆ ಮುಟ್ಟು ನಿಂತುಹೋಗುವುದೂ ಉಂಟು. ಮುಟ್ಟು ಯಾವತ್ತೂ ಸರಿಯಾಗಿ ಆಗದವರು ಡೇಟ್ ನಂಬಿ ಕೂರಬಾರದು. ಗಂಡ ಹೆಂಡತಿ ಸೇರಿ ಮೂರು ವಾರ ಕಳೆದ ಮೇಲೆ ಕಾರ್ಡ್ ಹಾಕಿದರೆ ಉತ್ತರವನ್ನು ನಂಬಬಹುದು.

ಬಾಣಂತಿಯರಿಗೆ ಎರಡು ಮಾತು. “ಹಾಲು ಕುಡಿಸ್ತಿದ್ದೀನಲ್ಲ, ಇನ್ನೂ ಹೊರಗೇ ಆಗಿಲ್ಲ, ಹೆಂಗಾಗುತ್ತೆ?” ಅನ್ನುವವರೇ ಜಾಸ್ತಿ. ಮಗುವಿಗೆ ಆರು ತಿಂಗಳೊಳಗಿರಬೇಕು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಈ ಮೂರೂ ಇದ್ದರೆ ಮಾತ್ರ ಆ ನಂಬಿಕೆಗೆ ಆಧಾರ. ಅಂಡಾಣು ಮುಟ್ಟಿಗಿಂತ ಮೊದಲೇ ಬಿಡುಗಡೆ ಆಗುತ್ತದೆ. ಅಂದರೆ ಹೆರಿಗೆಯಾದ ಮೇಲೆ ಒಮ್ಮೆಯೂ ಮುಟ್ಟಾಗದೆ ಮತ್ತೆ ಬಸುರಾಗಬಹುದು. ನಮ್ಮ ಬೀದಿಯಲ್ಲೇ ಒಬ್ಬಳಿಗೆ ಮಗು ಒದ್ದಾಗ ಗೊತ್ತಾಯಿತು, ಐದನೇ ತಿಂಗಳಲ್ಲಿ. ಅದನ್ನೂ ಮೊದಲು ಗ್ಯಾಸ್ ಅಂದುಕೊಂಡಿದ್ದಳು. ನಲವತ್ತು ದಾಟಿದವರೂ ಮುಟ್ಟು ನಿಲ್ಲುವ ವಯಸ್ಸು ಅಂತ ತಾವೇ ತೀರ್ಮಾನ ಮಾಡಬೇಡಿ. ಕಾರ್ಡ್ ಹಾಕುವುದಕ್ಕೆ ವಯಸ್ಸಿಲ್ಲ.

ಕಾಯಲೇಬಾರದ ಲಕ್ಷಣಗಳು

ಡೇಟ್ ಮುಂದೆ ಹೋಗಿದೆ, ಕೆಳಹೊಟ್ಟೆಯ ಒಂದೇ ಕಡೆ ಚುಚ್ಚುವ ನೋವು, ತಲೆ ಸುತ್ತು, ಕಣ್ಣು ಕತ್ತಲೆ, ಹೆಗಲ ತುದಿಯಲ್ಲಿ ನೋವು. ಜೊತೆಗೆ ರಕ್ತ ಕಾಣಿಸಬಹುದು, ಕಾಣಿಸದೆಯೂ ಇರಬಹುದು. ಬಸುರು ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ಕೂತಿದ್ದರೆ ಹೀಗಾಗುತ್ತದೆ. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಸೋರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುವ ಕಾಯಿಲೆ ಇದಲ್ಲ. 108ಕ್ಕೆ ಫೋನ್ ಮಾಡಿ, ಸ್ಕ್ಯಾನಿಂಗ್ ಮತ್ತು ಆಪರೇಷನ್ ಆಗುವ ಆಸ್ಪತ್ರೆಗೇ ಹೋಗಿ. ಪಾವಗಡದವರಿಗೆ ತುಮಕೂರು ಎಷ್ಟು ದೂರ ಅಂತ ಗೊತ್ತೇ ಇದೆ. ಬಾಗೇಪಲ್ಲಿ ಕಡೆಯ ಹಳ್ಳಿಗಳವರದೂ ಅದೇ ಪಾಡು. ದೂರ ಇದ್ದಷ್ಟೂ ಬೇಗ ಹೊರಡಬೇಕು.

ಕಾಪರ್‌ಟಿ ಹಾಕಿಸಿಕೊಂಡವರು, ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು “ನನಗೆಲ್ಲಿ ಬಸುರು” ಅನ್ನುತ್ತಾರೆ. ಅಪರೂಪಕ್ಕೆ ನಿಲ್ಲುತ್ತದೆ, ನಿಂತರೆ ಹೀಗೆ ನಾಳದಲ್ಲಿ ನಿಲ್ಲುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಇವರು ಕಾರ್ಡ್ ಪಾಸಿಟಿವ್ ಬಂದ ದಿನವೇ ಡಾಕ್ಟರನ್ನು ನೋಡಬೇಕು, ನೋವು ಬರಲಿ ಅಂತ ಕಾಯುವಂತಿಲ್ಲ.

ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ ಅವತ್ತೇ ಹೋಗಿ. ವಾಂತಿಯೂ ಅತಿಯಾದರೆ ಆಸ್ಪತ್ರೆ ಬೇಕು. ಕುಡಿದ ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿ ಗಾಢ ಹಳದಿ ಆಗಿದೆ, ಎದ್ದು ನಿಂತರೆ ತಲೆ ತಿರುಗುತ್ತದೆ ಅಂದರೆ ಡ್ರಿಪ್ ಹಾಕಬೇಕಾಗುತ್ತದೆ. ಅಷ್ಟಿಲ್ಲದಿದ್ದರೆ ಮನೆಯಲ್ಲೇ ಸುಧಾರಿಸಬಹುದು. ಹಾಸಿಗೆಯಿಂದ ಏಳುವ ಮೊದಲೇ ಒಂದು ಹಿಡಿ ಕಡ್ಲೆಪುರಿ ಅಥವಾ ಒಂದು ರಸ್ಕ್ ತಿನ್ನಿ. ಹೊಟ್ಟೆ ಖಾಲಿ ಬಿಡಬೇಡಿ. ಒಂದೇ ಸಲ ಮುದ್ದೆ ಇಳಿಯದಿದ್ದರೆ ಸ್ವಲ್ಪ ಸ್ವಲ್ಪ ರಾಗಿ ಗಂಜಿ, ಮಜ್ಜಿಗೆ.

ಪಾಸಿಟಿವ್ ಬಂದ ಮೇಲೆ ಮೊದಲ ಹದಿನೈದು ದಿನ

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅಂತ ನಮ್ಮಲ್ಲಿ ಪದ್ಧತಿ. ದೃಷ್ಟಿ ತಾಕುತ್ತದೆ ಅಂತ. ಊರಿಗೆ ಹೇಳಬೇಡಿ, ನನ್ನ ತಕರಾರಿಲ್ಲ. ಒಬ್ಬಟ್ಟಿನ ಕಥೆ ಆದಮೇಲೆ ನಾನೂ ಹೇಳಲಿಲ್ಲ. ಆದರೆ ಆಶಾ ಅಕ್ಕನಿಗೆ, ನರ್ಸಮ್ಮನಿಗೆ ಹೇಳಲೇಬೇಕು. ಹೆಸರು ನೋಂದಾಯಿಸಬೇಕಾದದ್ದು 12 ವಾರದೊಳಗೆ. ಮೂರು ತಿಂಗಳು ಬಚ್ಚಿಟ್ಟರೆ ಆ ಗಡುವೇ ಮುಗಿದುಹೋಗುತ್ತದೆ.

ಆತುರ ಯಾಕೆ ಅಂದರೆ ಫೋಲಿಕ್ ಆಸಿಡ್ ಮಾತ್ರೆ. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಕೆಲವು ವಾರಗಳಲ್ಲಿ. ಆಗ ಎಷ್ಟೋ ಜನಕ್ಕೆ ಬಸುರಾಗಿದ್ದೇ ಗೊತ್ತಿರುವುದಿಲ್ಲ. ಮಗು ಬೇಕು ಅಂದುಕೊಂಡ ದಿನದಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರು ಮಾಡಿದರೆ ಒಳ್ಳೆಯದು. ಆಗದಿದ್ದರೆ ಕಾರ್ಡ್‌ನಲ್ಲಿ ಎರಡು ಗೆರೆ ಕಂಡ ದಿನ. ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದರೆ, ಅಥವಾ ನಿಮಗೆ ಸಕ್ಕರೆ ಕಾಯಿಲೆ, ಫಿಟ್ಸ್ ಇದ್ದರೆ ಡೋಸು ಬೇರೆ. ಡಾಕ್ಟರು ಹೇಳಬೇಕು.

ಫಿಟ್ಸ್, ಥೈರಾಯ್ಡ್, ಬಿಪಿ ಮಾತ್ರೆಗಳನ್ನು ಹೆದರಿಕೊಂಡು ನೀವೇ ನಿಲ್ಲಿಸಬೇಡಿ. ಮಾತ್ರೆ ಚೀಟಿ ಹಿಡಿದು ಬೇಗ ಡಾಕ್ಟರ ಹತ್ತಿರ ಹೋಗಿ. ನೋವಿನ ಮಾತ್ರೆಯನ್ನು ಮಾತ್ರ ಕೇಳದೆ ನುಂಗಬೇಡಿ. ಎಕ್ಸ್‌ರೇ ತೆಗೆಸುವ ಮುಂಚೆ “ಡೇಟ್ ಮುಂದೆ ಹೋಗಿದೆ” ಅನ್ನಿ. ಹೊಗೆಸೊಪ್ಪು, ಕಡ್ಡಿಪುಡಿ ಬಿಡಿ. ಟೊಮೆಟೊ ತೋಟಕ್ಕೆ ಔಷಧಿ ಹೊಡೆಯುವಾಗ, ರೇಷ್ಮೆ ಹುಳು ಸಾಕುವ ಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಸಿಂಪಡಿಸುವಾಗ ನೀವು ಅಲ್ಲಿರಬಾರದು. ಇದನ್ನು ಮನೆಯವರಿಗೆ ಹೇಳುವುದು ಕಷ್ಟ ಅಂತ ಗೊತ್ತು. ಬಸುರಿನ ಸುದ್ದಿ ಗುಟ್ಟಾಗಿಟ್ಟು ಕೆಲಸದಿಂದ ತಪ್ಪಿಸಿಕೊಳ್ಳುವುದು ಹೇಗೆ? ಗಂಡನಿಗಾದರೂ ಹೇಳಿ, ಅವರು ಸಿಂಪಡಿಸಲಿ.

ಬೆಳಿಗ್ಗೆ ಕಾರ್ಡ್, ಮಧ್ಯಾಹ್ನವೇ ಸ್ಕ್ಯಾನಿಂಗ್ ಅಂತ ಓಡಬೇಕಿಲ್ಲ. ನೋವು, ರಕ್ತ ಇಲ್ಲದಿದ್ದರೆ ಆರರಿಂದ ಎಂಟನೇ ವಾರದಲ್ಲಿ ಡಾಕ್ಟರು ಹೇಳಿದಾಗ ಮಾಡಿಸಿದರಾಯಿತು. ಐದನೇ ವಾರದಲ್ಲಿ ಹೋದರೆ ಬರೀ ಚೀಲ ಕಾಣಿಸಿ, ಎದೆಬಡಿತ ಕಾಣದೆ, ಸುಮ್ನೆ ಅತ್ತುಕೊಂಡು ಬರುತ್ತೀರಿ. ಗಂಡೋ ಹೆಣ್ಣೋ ಅಂತ ಕೇಳುವುದೂ ಹೇಳುವುದೂ 1994ರ ಕಾಯ್ದೆಯ ಪ್ರಕಾರ ಅಪರಾಧ.

ಕೆಲವೊಮ್ಮೆ ಎರಡು ಗೆರೆ ಬಂದಮೇಲೂ ಬಸುರು ನಿಲ್ಲುವುದಿಲ್ಲ. ಗೊತ್ತಾದ ಬಸುರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಹೀಗೆ ಹೋಗುತ್ತವೆ. ಹೆಚ್ಚಿನವಕ್ಕೆ ಕಾರಣ ಭ್ರೂಣದ ಕ್ರೋಮೋಸೋಮುಗಳಲ್ಲೇ ಇರುವ ಕೊರತೆ. ಕೊಡ ಎತ್ತಿದ್ದು, ಸ್ಕೂಟರಿನಲ್ಲಿ ಕೂತದ್ದು, ಒಂದು ಚೂರು ಪರಂಗಿ ಹಣ್ಣು ತಿಂದದ್ದು ಕಾರಣ ಅಲ್ಲ. ಸೊಸೆಯನ್ನು ದೂರುವವರ ಮುಂದೆ ಇದನ್ನು ಗಟ್ಟಿಯಾಗಿ ಓದಿ.

ಈಗ ಮಗು ಬೇಡ ಅನ್ನುವ ಪರಿಸ್ಥಿತಿ ಇದ್ದರೂ ಬೇಗ ಗೊತ್ತಾದಷ್ಟು ಒಳ್ಳೆಯದು. ಮಾತ್ರೆಯಿಂದ ಗರ್ಭ ತೆಗೆಸುವುದು 9 ವಾರದೊಳಗೆ, ಡಾಕ್ಟರ ಉಸ್ತುವಾರಿಯಲ್ಲಿ. 1971ರ ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. ಹೆಸರು ಗುಟ್ಟಾಗಿಡುವುದು ಡಾಕ್ಟರ ಹೊಣೆ. ಅಂಗಡಿಯಿಂದ ಮಾತ್ರೆ ತಂದು ಮನೆಯಲ್ಲಿ ನುಂಗಿದವರು ರಕ್ತ ನಿಲ್ಲದೆ ರಾತ್ರೋರಾತ್ರಿ ಆಸ್ಪತ್ರೆ ಸೇರಿದ್ದನ್ನು ನೋಡಿದ್ದೇನೆ. ಎಳ್ಳು ಬೆಲ್ಲ, ಪರಂಗಿಕಾಯಿ ನಂಬಿ ಕೂತರೆ ವಾರಗಳು ಕಳೆದುಹೋಗುತ್ತವೆ, ಅಷ್ಟೇ.

ನೋಂದಣಿಗೆ ಹೋಗುವಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಆ ಡೇಟ್ ಬರೆದ ಚೀಟಿ ಇಟ್ಟುಕೊಳ್ಳಿ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಮೂತ್ರ, ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಬಿಪಿ, ತೂಕ ನೋಡುತ್ತಾರೆ. ಮೊದಲ ಮಗುವಾದರೆ, ಅರ್ಹತೆ ಇದ್ದರೆ, ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ ಕಂತಿನಲ್ಲಿ ಬರುತ್ತದೆ. ಅಂಗನವಾಡಿ ಟೀಚರ್ ಹತ್ತಿರ ಅದನ್ನೂ, 2017ರಲ್ಲಿ ಶುರುವಾದ ಮಾತೃಪೂರ್ಣ ಊಟದ ವಿಷಯವನ್ನೂ ಕೇಳಿ. ನಾಲ್ಕನೇ ತಿಂಗಳಿನಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೇ ಅಂತ ಉಚಿತ ತಪಾಸಣೆ ಇರುತ್ತದೆ.

ತಾಯಿ ಕಾರ್ಡ್ ಕೈಗೆ ಬಂದ ತಕ್ಷಣ ಅದರಲ್ಲಿ ಬರೆದ ಮುಟ್ಟಿನ ಡೇಟ್ ನೀವು ಹೇಳಿದ್ದೇನಾ ಅಂತ ಓದಿ ನೋಡಿ. ನಮ್ಮ ಓರಗಿತ್ತಿಯ ಕಾರ್ಡ್‌ನಲ್ಲಿ 10 ಅಂತ ಇರಬೇಕಾದ ಕಡೆ 19 ಆಗಿತ್ತು, ಅಲ್ಲೇ ತಿದ್ದಿಸಿದೆವು. ಆಮೇಲೆ ಎಲ್ಲಾ ಪುಟಗಳ ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಹೆರಿಗೆಗೆ ತವರಿಗೆ ಹೋಗುವವರು, ಅದರಲ್ಲೂ ಗಡಿ ದಾಟಿ ಮದನಪಲ್ಲಿ, ಹಿಂದೂಪುರದ ಕಡೆ ಹೋಗುವವರು, ಕಾರ್ಡನ್ನು ಇಲ್ಲೇ ಬೀರುವಿನಲ್ಲಿ ಮರೆತು ಬಸ್ ಹತ್ತುವುದು ಜಾಸ್ತಿ.